ಏಳು ವಾರ್ಡಿಗೆ ಒಂದೇ ನೋಟೀಸು

ನಮ್ಮ ಪುರಸಭೆಗೆ ‘ಏಕತ್ರ’ ಎಂಬ ಹೊಸ ಯಂತ್ರ ಬರುತ್ತದೆಂದು ಮ್ಯಾನೇಜರ್ ತಿಪ್ಪೇಶಪ್ಪನವರು ಹೇಳಿದ್ದು ಒಂದು ಸೋಮವಾರ ಬೆಳಿಗ್ಗೆ, ಎಲ್ಲರಿಗೂ ಬಾದಾಮಿ ಹಾಲು ಕೊಡಿಸಿ. ಆ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷ ಕಳೆದಿರುವ ನನಗೆ ಅವರ ರೀತಿ ಗೊತ್ತು. ಚಹಾ ಕೊಡಿಸಿದರೆ ಕೆಲಸ ಹೆಚ್ಚುತ್ತದೆ. ಬಾದಾಮಿ ಹಾಲು ಕೊಡಿಸಿದರೆ ಯಾರದೋ ಕೆಲಸ ಹೋಗುತ್ತದೆ. ನನ್ನ ಲೋಟ ಅರ್ಧವಾಗುವಷ್ಟರಲ್ಲಿ ಅದು ಯಾರದೆಂದೂ ತಿಳಿಯಿತು. ನನ್ನದು ಮತ್ತು ಹಾಲೇಶಣ್ಣನದು.

“ಇನ್ಮೇಲೆ ಏಳು ವಾರ್ಡಿಗೂ ಒಂದೇ ನೋಟೀಸು,” ಎಂದರು ತಿಪ್ಪೇಶಪ್ಪನವರು. “ಒಂದ್ಸಲ ಬರೆಯೋದು, ಏಳು ಕಡೆ ಓದೋದು. ಪ್ರಪಂಚ ಎಲ್ಲೋ ಹೋಗಿದೆ, ನಾವಿನ್ನೂ ಪೆನ್ನು ಹಿಡ್ಕೊಂಡು ಕೂತಿದೀವಿ.” ಹೀಗೆನ್ನುವಾಗ ಅವರ ಜೇಬಿನಲ್ಲಿ ಮೂರು ಪೆನ್ನುಗಳಿದ್ದವು.

ನಮ್ಮ ಊರಿನಲ್ಲಿ ಒಂದೇ ಬರಹ ಎರಡು ಕಡೆ ನಿಲ್ಲುವುದಿಲ್ಲ. ಒಂದು ಕಾಗದದಲ್ಲಿರುವುದನ್ನು ಇನ್ನೊಂದರ ಮೇಲೆ ಇದ್ದ ಹಾಗೇ ಇಳಿಸಿದಿರೋ, ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಮೊದಲಿನ ಕಾಗದ ಬರಿದಾಗಿರುತ್ತದೆ. ಹೆಸರು, ತಾರೀಖು ಮಾತ್ರ ಬದಲಿಸಿ ಜಾಣತನ ತೋರಿಸಲು ಹೋದವರ ಬರಹವೂ ನಿಂತದ್ದಿಲ್ಲ. ಹಾಗಾಗಿ ನಮ್ಮಲ್ಲಿ ಮದುವೆ ನಿಶ್ಚಯವಾದ ಮನೆಯವರು ಮೊದಲು ಮಾಡುವ ಕೆಲಸ ನಾನೂರು ಮಂದಿಯನ್ನು ನಾನೂರು ರೀತಿಯಲ್ಲಿ ಕರೆಯುವುದು. ಮುನ್ನೂರು ದಾಟಿದ ಮೇಲೆ ‘ಬಂದರೆ ಸಂತೋಷ, ಬರದಿದ್ದರೂ ಬೇಸರವಿಲ್ಲ’ ಎಂಬಂಥ ಕರೆಯೋಲೆ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊರಿಗೆ ದಿನಪತ್ರಿಕೆ ಒಂದೇ ಪ್ರತಿ; ನಮ್ಮ ಬೀದಿಗೆ ಅದು ಗುರುವಾರ ಬರುತ್ತದೆ. ನನ್ನ ಗಂಡ ರುದ್ರಮುನಿಯವರದು ಜೆರಾಕ್ಸ್ ಅಂಗಡಿ. ಹರಿದ, ನೆನೆದ, ಇಲಿ ಕಡಿದ ಕಾಗದ ತಂದುಕೊಟ್ಟರೆ ಅದರ ಅಕ್ಷರಗಳನ್ನು ಹೊಸ ಕಾಗದಕ್ಕೆ ಸಾಗಿಸಿಕೊಡುತ್ತಾರೆ. ಹಳೆಯ ಖಾಲಿ ಕಾಗದ ಗಿರಾಕಿಗೇ ವಾಪಸು.

ಪುರಸಭೆಯ ಪ್ರತಿ ನೋಟೀಸನ್ನೂ ಏಳು ವಾರ್ಡಿಗೆ ಏಳು ರೀತಿ ಬರೆಯಬೇಕಾದದ್ದರಿಂದ ಮರುಬರಹ ವಿಭಾಗ ಎಂಬುದೊಂದಿತ್ತು. ಅಲ್ಲಿದ್ದವರು ನಾವಿಬ್ಬರೇ. ನನಗೆ ಆ ಕೆಲಸ ಕಲಿಸಿದ್ದು ಹಾಲೇಶಣ್ಣ. ಐವತ್ತೇಳು ವರ್ಷ, ಮೊಣಕಾಲು ನೋವು, ಒಂದು ಹಳೆಯ ಮೊಪೆಡ್ಡು, ಮತ್ತು ಹೆಚ್ಚಾದ ಒಂದು ಪದವನ್ನು ಕಂಡರೆ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಮುಖ ಕಿವಿಚುವ ಸ್ವಭಾವ. ಸುಮ್ಮನೆ ಪದ ಬದಲಿಸುವುದು ಮರುಬರಹವಲ್ಲ ಎನ್ನುತ್ತಿದ್ದ. ಒಂದನೇ ವಾರ್ಡಿನಲ್ಲಿ ನಿವೃತ್ತ ಮೇಷ್ಟ್ರುಗಳೇ ಹೆಚ್ಚು. ಅವರಿಗೆ ‘ತಮ್ಮ ಅವಗಾಹನೆಗೆ ತರಲಾಗುತ್ತಿದೆ’ ಎನ್ನದಿದ್ದರೆ ನೋಟೀಸನ್ನೇ ತಿದ್ದಿ ವಾಪಸು ಕಳಿಸುತ್ತಾರೆ. ಮೂರನೆಯದು ನೇಕಾರರದು, ‘ನಾಳೆ ನೀರಿಲ್ಲ, ಇವತ್ತೇ ಹಿಡಿದಿಟ್ಟುಕೊಳ್ಳಿ’ ಎಂದರೆ ಸಾಕು, ಮಗ್ಗ ನಿಲ್ಲಿಸಿ ಓದುವಷ್ಟು ಪುರುಸೊತ್ತಿಲ್ಲ. ಐದನೆಯದು ಮಂಡಕ್ಕಿ ಭಟ್ಟಿಗಳ ವಾರ್ಡು. ಯಾಕೆ ಎಂದು ಕಾರಣ ಹೇಳದಿದ್ದರೆ ಅವರು ಏನನ್ನೂ ನಂಬರು. ಏಳನೆಯವರು ಹೇಳಿದ್ದಕ್ಕೆ ಉಲ್ಟಾ ಮಾಡುವವರು. ಅವರಿಗೆ ‘ನೀವು ಕೇಳುವುದಿಲ್ಲವೆಂದು ಗೊತ್ತಿದ್ದೂ ತಿಳಿಸುತ್ತಿದ್ದೇವೆ’ ಎಂದು ಶುರು ಮಾಡಿದರೆ, ನಮ್ಮನ್ನು ಸುಳ್ಳು ಮಾಡುವುದಕ್ಕಾದರೂ ಕೇಳುತ್ತಾರೆ.

ಈ ವಿದ್ಯೆಯೆಲ್ಲ ಬಾದಾಮಿ ಹಾಲಿನ ಜೊತೆ ಮುಗಿಯಿತು. ಏಕತ್ರದಲ್ಲಿ ಬರಹ ಒಂದೇ ಕಡೆ, ಒಂದು ಪೆಟ್ಟಿಗೆಯಲ್ಲಿ ಇರುತ್ತದಂತೆ. ಏಳು ವಾರ್ಡಿನಲ್ಲಿ ಏಳು ಪರದೆ ಹಾಕುತ್ತಾರಂತೆ. ಜನ ಅಲ್ಲಿಂದ ಇಣುಕಿ ಓದುತ್ತಾರಂತೆ. ನಕಲೇ ಇಲ್ಲದ ಮೇಲೆ ಅಳಿಸಿಹೋಗುವ ಮಾತೆಲ್ಲಿ? ನಲವತ್ತು ದಿನದ ತರಬೇತಿ ಮುಗಿಸಿ ಪಾಸಾದವರಿಗೆ ಸರ್ಟಿಫಿಕೇಟು. ಮೊದಲು ಬಂದವರಿಗೆ ‘ದಾಖಲೆ ಆಡಳಿತಾಧಿಕಾರಿ’ ಎಂಬ ಹೊಸ ಹುದ್ದೆ, ಸಂಬಳದಲ್ಲಿ ಎರಡು ಮೆಟ್ಟಿಲು, ಕೈಯಿರುವ ಕುರ್ಚಿ, ತಲೆಯ ಮೇಲೆ ಸ್ವಂತ ಫ್ಯಾನು. ಕಲಿಯದವರಿಗೆ ‘ಅವರವರ ಯೋಗ್ಯತೆಗೆ ತಕ್ಕ ಸ್ಥಳ’.

“ಅಂದ್ರೆ ಎಲ್ಲಿ ಸಾರ್?” ಎಂದು ಹಾಲೇಶಣ್ಣ ಕೇಳಿದ.

“ಸ್ಮಶಾನದ ಗೇಟಲ್ಲಿ ರಿಜಿಸ್ಟರ್ ಬರೆಯೋಕೆ ಒಬ್ರು ಬೇಕಾಗಿದಾರೆ,” ಎಂದರು ತಿಪ್ಪೇಶಪ್ಪನವರು, ಬಹಳ ಗೌರವದಿಂದ.

ನಾನು ಕಲಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಒಂದು ವಾರ ಸಿಕ್ಕಿತು. ಇಂಥ ವಿಷಯದಲ್ಲಿ ಸಲಹೆ ಕೊಡಲು ನಮ್ಮೂರಿನಲ್ಲಿ ಜನಕ್ಕೆ ಬರವಿಲ್ಲ. ತೆರಿಗೆ ವಿಭಾಗದ ಹೊನ್ನಪ್ಪ “ಇದನ್ನ ಕಲಿತೋರಿಗೆ ಹೊರಗಡೆ ಭಾರಿ ಡಿಮ್ಯಾಂಡು ಮೇಡಂ” ಎಂದ. ಹೊರಗೆ ಎಂದರೆ ಎಲ್ಲಿ ಎಂದು ಕೇಳಿದೆ. ಅವನು ಕಿಟಕಿಯ ಕಡೆ ಕೈ ತೋರಿಸಿದ. ಅಲ್ಲಿ ಸೈಕಲ್ ಸ್ಟ್ಯಾಂಡಿತ್ತು. ನನ್ನ ನಾದಿನಿ, “ಮೂರೇ ವರ್ಷಕ್ಕೆ ಇನ್ನೊಂದು ಬರುತ್ತಂತೆ ಅತ್ಗೆ, ಇದನ್ನ ಕಲಿತ್ರೂ ವೇಸ್ಟು” ಎಂದಳು. ಹಾಗೆ ನೋಡಿದರೆ ಆಕೆ ಊಟಕ್ಕೂ ಅದೇ ವಾದ ಹೂಡಬಹುದಿತ್ತು.

ರುದ್ರಮುನಿಯವರು ಮಾತ್ರ ರಾತ್ರಿಯ ಊಟದ ತಟ್ಟೆ ತೊಳೆದಿಟ್ಟು ಸೀದಾ ಹೇಳಿದರು: “ಕಲಿ ಶಿವಲೀಲಾ. ನಿಂಗೆ ನಲವತ್ನಾಲ್ಕು. ಇನ್ನೂ ಹದಿನಾರು ವರ್ಷ ಸರ್ವೀಸಿದೆ. ಅದನ್ನೆಲ್ಲ ಹೆಣ ಎಣಿಸ್ತಾ ಕಳೀತೀಯಾ?”

“ಹಾಲೇಶಣ್ಣ ಕಲಿಯಲ್ವಂತೆ ರೀ.”

“ಅವರಿಗೆ ಮೂರು ವರ್ಷ ಇದೆ. ಹಟ ಮಾಡೋಕೆ ಮೂರು ವರ್ಷ ಆದ್ರೆ ಆಗುತ್ತೆ. ಹದಿನಾರು ವರ್ಷ ಹಟ ಮಾಡೋಕೆ ಆಗಲ್ಲ.”

ನನ್ನ ಗಂಡ ದಿನಕ್ಕೊಂದು ಸರಿಯಾದ ಮಾತಾಡುತ್ತಾರೆ. ಆ ದಿನದ್ದು ಅದಾಗಿತ್ತು. ಆದರೂ ನಾನು ತೀರ್ಮಾನಿಸಲಿಲ್ಲ. ಹೆಸರು ಕೊಟ್ಟು ನೋಡೋಣ, ಬೇಡವೆನಿಸಿದರೆ ಬಿಡೋಣ ಎಂದುಕೊಂಡು ಪಟ್ಟಿಯಲ್ಲಿ ರುಜು ಹಾಕಿದೆ. ಹಾಲೇಶಣ್ಣ ಅದನ್ನು ನೋಡಿದ. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿ ನನ್ನ ಕಡೆ ತಳ್ಳುವುದನ್ನು ಮರೆತ, ಅಷ್ಟೇ.

ತರಬೇತಿ ಕೊಡಲು ಕಂಪನಿಯಿಂದ ಬಂದವನು ಸಂಕೇತ್ ಎಂಬ ತರುಣ. ಒಳ್ಳೆಯವನು. ಮೊದಲ ದಿನ ಹಳೆಯ ಕಡತವೊಂದನ್ನು ತರಿಸಿ, ಒಂದೊಂದೇ ಹಾಳೆಯನ್ನು ಯಂತ್ರದ ಬಾಯಿಗೆ ಕೊಟ್ಟ. ಒಂದು ಕಡೆಯಿಂದ ಬರಹವಿದ್ದ ಹಾಳೆ ಹೋಯಿತು, ಇನ್ನೊಂದು ಕಡೆಯಿಂದ ಖಾಲಿ ಹಾಳೆ ಬಂತು. “ನೋಡಿ, ಕಾಗದರಹಿತ ಕಚೇರಿ!” ಎಂದ. ಕಾಗದಗಳೇನೋ ಎಲ್ಲ ಹಾಗೇ ಇದ್ದವು, ಬರಹವಷ್ಟೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹನ್ನೊಂದು ಜನರಿದ್ದೆವು. ಹೊನ್ನಪ್ಪ ತರಬೇತಿ ಕೋಣೆಯ ಎಸಿಯ ಕೆಳಗೆ ಜಾಗ ಹಿಡಿದು ಅರ್ಧ ಗಂಟೆಯಲ್ಲಿ ನಿದ್ದೆ ಹೋದ. ನಲವತ್ತೂ ದಿನ ಅವನು ಆ ಜಾಗ ಬಿಟ್ಟುಕೊಡಲಿಲ್ಲ.

“ಯಾರಾದ್ರೂ ಒಂದು ದಾಖಲೆ ತಿದ್ದಬೇಕು ಅಂದ್ರೆ ಅದನ್ನ ಚೆಕ್-ಔಟ್ ಮಾಡ್ಬೇಕು,” ಎಂದು ಸಂಕೇತ್ ವಿವರಿಸಿದ. “ಅವರು ತಿದ್ದಿ ವಾಪಸ್ ಇಡೋವರೆಗೂ ಅದು ಬೇರೆ ಯಾರಿಗೂ ಕಾಣಲ್ಲ.”

“ಅವರು ವಾಪಸ್ ಇಡೋದು ಮರೆತ್ರೆ?” ಎಂದೆ.

“ಒಳ್ಳೆ ಪ್ರಶ್ನೆ ಮೇಡಂ. ಅದು ಮೂವತ್ತೊಂದನೇ ಪಾಠ.”

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅದು ಹಿಡಿಸತೊಡಗಿತು. ಎರಡು ದಶಕ ಕಡತದ ಧೂಳು ಕುಡಿದವಳಿಗೆ ಒಂದು ಹೆಸರು ಒತ್ತಿದೊಡನೆ ಬೇಕಾದ ದಾಖಲೆ ಎದುರಿಗೆ ಬಂದು ನಿಲ್ಲುವುದು ಸುಖವೇ. ಆದರೆ ಪರದೆಗಳು ಬಂದ ಮೊದಲ ವಾರವೇ ಏಳೂ ವಾರ್ಡುಗಳಲ್ಲಿ ಗುಸುಗುಸು ಎದ್ದಿತು. ಜನ ಪರದೆಯ ಮುಂದೆ ನಿಂತು ಓದಿ, “ಇದು ನಮಗೆ ಬರೆದಿದ್ದಲ್ಲ” ಎಂದುಕೊಂಡು ಹೊರಟುಹೋಗುತ್ತಿದ್ದರು. ಒಂದನೇ ವಾರ್ಡಿನ ಮೇಷ್ಟ್ರೊಬ್ಬರು ಪರದೆಯ ಗಾಜಿನ ಮೇಲೆಯೇ ಕೆಂಪು ಶಾಯಿಯಲ್ಲಿ ಮೂರು ತಪ್ಪು ತಿದ್ದಿದರು. ಏಳನೆಯವರು, ಕಸ ಬೆಳಿಗ್ಗೆ ಹಾಕಿ ಎಂದಿದ್ದಕ್ಕೆ, ಎಂದಿನಂತೆ ಸಂಜೆ ಹಾಕಿದರು. ತಿಪ್ಪೇಶಪ್ಪನವರು ಇದನ್ನು ‘ಹೊಂದಾಣಿಕೆಯ ಅವಧಿ’ ಎಂದು ಕರೆದು, ಅದೇ ಉತ್ಸಾಹದಲ್ಲಿ ಪುರಸಭೆಯ ಮೈಕು ಕಟ್ಟಿದ ಆಟೋವನ್ನು ಹರಾಜು ಹಾಕಿಸಿದರು. ಪರದೆಯಿರುವಾಗ ಕೂಗುವುದೇಕೆ?

ತರಬೇತಿಯ ಇಪ್ಪತ್ಮೂರನೇ ದಿನ, ಒಂದು ಮಂಗಳವಾರ, ಊರಿನ ದೊಡ್ಡ ಟ್ಯಾಂಕನ್ನು ಔಷಧಿ ಹಾಕಿ ತೊಳೆಯುವುದಿತ್ತು. ತೊಳೆದ ಮೇಲೆ ಕೊಳವೆಗಳೂ ಶುದ್ಧವಾಗಲೆಂದು ಔಷಧಿಯ ನೀರನ್ನೇ ನಲ್ಲಿಗಳಿಗೆ ಬಿಡುತ್ತಾರೆ. ಆ ಸಂಜೆ ನಾಲ್ಕರಿಂದ ಮರುದಿನ ಬೆಳಿಗ್ಗೆಯವರೆಗೆ ಆ ನೀರನ್ನು ಕುಡಿಯುವಂತಿಲ್ಲ, ಅಡಿಗೆಗೆ ಬಳಸುವಂತಿಲ್ಲ. ವರ್ಷಕ್ಕೊಮ್ಮೆ ಬರುವ ನೋಟೀಸು. ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ಏಕತ್ರಕ್ಕೆ ಹಾಕಿದ್ದು ನಾನೇ.

ಒಂದೂವರೆಗೆ ನೀರುಗಂಟಿ ಓಬಳೇಶಿ ಬಂದ. “ಮೇಡಂ, ನಾಕನೇ ವಾರ್ಡಲ್ಲಿ ಜನ ಪರದೆ ಮುಂದೆ ಬೆಂಚ್ ಹಾಕ್ಕಂಡು ಕೂತವ್ರೆ. ಏನೋ ಬರುತ್ತಂತೆ ಅಂತ.”

ನಾನು ಯಂತ್ರ ತೆರೆದು ನೋಡಿದೆ. ಏಳೂ ಪರದೆಗಳಲ್ಲಿ ಒಂದೇ ಸಾಲು: ‘ಈ ದಾಖಲೆಯನ್ನು ತಿಪ್ಪೇಶಪ್ಪ ಅವರು ತಿದ್ದುತ್ತಿದ್ದಾರೆ. ದಯವಿಟ್ಟು ಕಾಯಿರಿ.’ ಅವರು ಅದನ್ನು ಚೆಕ್-ಔಟ್ ಮಾಡಿದ್ದು ಒಂಬತ್ತು ಮುಕ್ಕಾಲಿಗೆ. ನಾನು ‘ಆದ್ದರಿಂದ’ ಎಂದು ಬರೆದದ್ದನ್ನು ‘ಆದಕಾರಣ’ ಎಂದು ತಿದ್ದುವುದಕ್ಕೆ ಎಂದು ಆಮೇಲೆ ತಿಳಿಯಿತು. ತಿದ್ದಿ, ವಾಪಸು ಇಡದೆ, ಕೋಣೆಗೆ ಬೀಗ ಹಾಕಿಕೊಂಡು ಬೀಗರ ಮನೆಯ ನಾಮಕರಣಕ್ಕೆ ಹೋಗಿದ್ದರು. ಫೋನು ಮಾಡಿದೆವು. ಅಲ್ಲಿ ವಾಲಗ ಜೋರಾಗಿದ್ದಿರಬೇಕು, ಎತ್ತಲಿಲ್ಲ. ಸಂಕೇತ್ ಆ ದಿನ ಅವನ ಹೆಡ್ ಆಫೀಸಿಗೆ ಹೋಗಿದ್ದ. ಅವನ ಫೋನು ‘ನಾನು ಮೀಟಿಂಗಿನಲ್ಲಿದ್ದೇನೆ’ ಎಂದು ತಾನೇ ಉತ್ತರ ಕೊಡುತ್ತಿತ್ತು.

“ಓಬಳೇಶಿ, ಇವತ್ತು ವಾಲ್ವ್ ತೆಗೀಬೇಡಪ್ಪ,” ಎಂದೆ.

“ನಾಕಕ್ಕೆ ತೆಗೀಬೇಕು ಅಂತ ಆರ್ಡರ್ ಐತಲ್ಲ ಮೇಡಂ.”

“ಆ ಆರ್ಡರ್ ತೋರ್ಸು.”

“ಅದೂ ಏಕತ್ರದ ಒಳಗೈತೆ. ಬೇಡ ಅನ್ನೋಕೆ ಇನ್ನೊಂದು ಆರ್ಡರ್ ಬೇಕು. ಅದನ್ನೂ ಸಾಹೇಬ್ರೇ ಒಳಗ್ ಹಾಕ್ಬೇಕು.” ಅವನು ತಪ್ಪು ಮಾತಾಡಲಿಲ್ಲ. ಹೋದ ವರ್ಷ ಬಾಯಿಮಾತು ಕೇಳಿ ವಾಲ್ವ್ ಮುಚ್ಚಿದ್ದಕ್ಕೆ ಅವನನ್ನು ಹದಿನೈದು ದಿನ ಅಮಾನತಿನಲ್ಲಿಟ್ಟಿದ್ದರು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಎರಡು ಹೆಜ್ಜೆ ದೂರದಲ್ಲಿ ಹಾಲೇಶಣ್ಣ ತನ್ನ ಖಾಲಿ ಮೇಜಿನ ಮುಂದೆ ಕೂತಿದ್ದ. ಅವನ ಕಡೆ ನಾನು ನೋಡಲಿಲ್ಲ. ಇಪ್ಪತ್ಮೂರು ದಿನ ಕಲಿತವಳು ನಾನು, ಬಿಡಿಸಿಬಿಡುತ್ತೇನೆ ಎಂಬ ಹಮ್ಮಿನಲ್ಲಿ ಯಂತ್ರದ ಮುಂದೆ ಕೂತೆ. ಒಂದು ಗುಂಡಿ ಒತ್ತಿದೆ, ‘ನಿಮಗೆ ಅಧಿಕಾರವಿಲ್ಲ’ ಎಂದಿತು. ಇನ್ನೊಂದು ಒತ್ತಿದೆ, ‘ನಿಮ್ಮ ಪ್ರಯತ್ನಕ್ಕೆ ಧನ್ಯವಾದ’ ಎಂದಿತು. ಕೈಪಿಡಿ ಹುಡುಕಿದೆ, ಅದೂ ಏಕತ್ರದ ಒಳಗೇ ಇತ್ತು, ಯಾರೋ ಅದನ್ನು ಚೆಕ್-ಔಟ್ ಮಾಡಿ ಓದುತ್ತಿದ್ದರು. ತಲೆಯೆತ್ತಿ ಗಡಿಯಾರ ನೋಡಿದಾಗ ಎರಡು ಹೊಡೆದು ಹತ್ತು ನಿಮಿಷವಾಗಿತ್ತು. ನಲವತ್ತು ನಿಮಿಷ ಹೋಗಿತ್ತು.

“ಹಾಲೇಶಣ್ಣಾ,” ಎಂದೆ.

ಅವನು ಡ್ರಾಯರಿನಿಂದ ಆಗಲೇ ಏಳು ಹಾಳೆ ತೆಗೆದಿಟ್ಟಿದ್ದ. ಎರಡರ ಮೇಲೆ ಬರೆದೂ ಆಗಿತ್ತು. “ನೀನು ಕರೀಲಿ ಅಂತ ಕಾಯ್ತಿದ್ರೆ ಊರೇ ಹೊಟ್ಟೆ ಹಿಡ್ಕೊಳ್ತಿತ್ತು,” ಎಂದ, ತಲೆಯೆತ್ತದೆ. “ಮೂರು, ನಾಲ್ಕು, ಐದು ನಿಂದು. ಉಳಿದದ್ದು ನನಗೆ ಬಿಡು. ಐದಕ್ಕೆ ಕಾರಣ ಬರಿಯೋದು ಮರೀಬೇಡ.”

ಬರೆದೆವು. ಇಷ್ಟು ದಿನ ಮೂಲೆಗೆ ಬಿದ್ದಿದ್ದ ಕೈ ಮೊದಲು ತಡವರಿಸಿತು, ಆಮೇಲೆ ತಾನೇ ಓಡಿತು. ಮೂರನೆಯದಕ್ಕೆ ಒಂದೇ ಸಾಲು: ‘ನಾಲ್ಕರಿಂದ ನಾಳೆ ಬೆಳಗಿನವರೆಗೆ ನಲ್ಲಿ ನೀರು ವಿಷ, ಕುಡಿಯಬೇಡಿ.’ ನಾಲ್ಕನೆಯವರಿಗೆ ಬೆಂಚಿನಿಂದ ಏಳಿ ಎಂಬುದನ್ನೂ ಸೇರಿಸಬೇಕಾಯಿತು. ಹಾಲೇಶಣ್ಣ ಏಳನೆಯವರಿಗೆ ಬರೆದದ್ದು ಹೀಗಿತ್ತು: ‘ಇವತ್ತು ನಲ್ಲಿಯಲ್ಲಿ ಔಷಧಿ ನೀರು ಬರುತ್ತದೆ. ಕುಡಿಯಬೇಕೆಂದಿರುವವರು ಧಾರಾಳವಾಗಿ ಕುಡಿಯಬಹುದು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿವೆ.’ ಬರೆದು ಮುಗಿಸುವ ಹೊತ್ತಿಗೆ ಮೂರೂವರೆಯಾಗಿತ್ತು. ಅವನು ಮೊಪೆಡ್ಡಿನಲ್ಲಿ ನಾಲ್ಕು ವಾರ್ಡಿಗೆ ಹೊರಟ. ನಾನು ಫೋನು ಮಾಡಿದ್ದಕ್ಕೆ ರುದ್ರಮುನಿಯವರು ಅಂಗಡಿಗೆ ಬಾಗಿಲೆಳೆದು ಸ್ಕೂಟರಿನಲ್ಲಿ ಮೂರು ಮತ್ತು ನಾಲ್ಕಕ್ಕೆ ಹೋದರು. ಐದನೆಯದಕ್ಕೆ ನಾನು ನಡೆದೇ ಹೋದೆ, ನಡೆದೆ ಎಂದರೆ ಓಡಿದೆ. ಭಟ್ಟಿಗಳ ಬೀದಿ ಊರಿನ ಆ ತುದಿ. ನಾನು ಅಲ್ಲಿನ ಗೋಡೆಗೆ ಕಾಗದ ಅಂಟಿಸಿದಾಗ ನಾಲ್ಕು ಹೊಡೆದು ಇಪ್ಪತ್ತು ನಿಮಿಷ ಕಳೆದಿತ್ತು.

ಭಟ್ಟಿಯ ಬಿಸಿಗೆ ಒಣಗಿದ ಬಾಯಿ, ನಲ್ಲಿಗೆ ನೀರು ಬಂದ ಕೂಡಲೇ ಕುಡಿಯುವುದು ಅಲ್ಲಿನ ರೂಢಿ. ನಾಲ್ಕು ಜನ ಕುಡಿದಿದ್ದರು. ಮೂವರು ವಾಂತಿ ಮಾಡಿಕೊಂಡು ಸುಧಾರಿಸಿಕೊಂಡರು. ನಾಲ್ಕನೆಯವಳು ಆರು ವರ್ಷದ ಗಾನವಿ. ಅವಳಿಗೆ ಗಂಟಲು ಸುಟ್ಟು, ಎರಡು ದಿನ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು.

ಮರುದಿನ ಕಿತ್ತಳೆ ಹಣ್ಣು ಹಿಡಿದು ಹೋದೆ. ಆ ಮಗು ಹಣ್ಣು ನುಂಗಲಾರದು ಎಂಬುದು ಅಲ್ಲಿ ಹೋದ ಮೇಲೆ ಹೊಳೆಯಿತು. ಅವಳ ತಾಯಿ ಬಸಕ್ಕ ನನ್ನನ್ನು ಬೈಯಲಿಲ್ಲ. ಹಣ್ಣು ತೆಗೆದುಕೊಂಡು ಪಕ್ಕಕ್ಕಿಟ್ಟು, “ಅಕ್ಕಾ, ನಿಮ್ ಚೀಟಿ ಓದಿದೆ. ಚೆನ್ನಾಗಿ ಬರ್ದಿದ್ರಿ, ಕಾರಣ ಎಲ್ಲ ಹೇಳಿದ್ರಿ,” ಎಂದಳು. ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ, “ನಮ್ ವಾರ್ಡಿಗೆ ಯಾಕೆ ತಡ ಆಯ್ತು?” ಎಂದು ಕೇಳಿದಳು.

ಎಲ್ಲದಕ್ಕೂ ಏಳು ರೀತಿಯ ಉತ್ತರ ಬರೆಯಬಲ್ಲ ನನ್ನಲ್ಲಿ ಇದಕ್ಕೆ ಒಂದೇ ಇತ್ತು. “ನನ್ನಿಂದ,” ಎಂದೆ. ಅವಳು ಮಗುವಿನ ಹೊದಿಕೆ ಸರಿಪಡಿಸಿದಳು.

ಕಚೇರಿಗೆ ಬಂದರೆ ತಿಪ್ಪೇಶಪ್ಪನವರು ವರದಿ ಬರೆದು ಮುಗಿಸಿದ್ದರು. ‘ಹೊಸ ವ್ಯವಸ್ಥೆಯ ಅಳವಡಿಕೆಯಿಂದಾಗಿ ಏಳೂ ವಾರ್ಡುಗಳ ನಾಗರಿಕರಿಗೆ ಮಾಹಿತಿ ತಲುಪಿದ್ದು, ಶೇಕಡ ತೊಂಬತ್ತೊಂಬತ್ತಕ್ಕೂ ಹೆಚ್ಚು ಜನ ಆರೋಗ್ಯದಿಂದಿದ್ದಾರೆ.’ ಗಾನವಿ ಉಳಿದ ಆ ಒಂದರೊಳಗೆ ಎಲ್ಲೋ ಇದ್ದಳು. ಸಂಕೇತ್ ಬಂದವನು ವಿಷಯ ಕೇಳಿ ಬಿಳಿಚಿಕೊಂಡ. ತನ್ನ ಯಂತ್ರದಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿ, ಮ್ಯಾನೇಜರರ ಕೈಯಿಂದ ದಾಖಲೆಯನ್ನು ಕಿತ್ತು ವಾಪಸು ತಂದು ತೋರಿಸಿದ. ‘ಬಲವಂತದ ವಾಪಸಾತಿ’ ಎಂದು ಅದರ ಹೆಸರು. ಹಿಡಿದದ್ದು ಮೂರು ಸೆಕೆಂಡು.

ಆ ಮೂರು ಸೆಕೆಂಡು ನೋಡಿದ ಮೇಲೆ ನನ್ನ ತೀರ್ಮಾನವಾಯಿತು. ಕುರ್ಚಿಗಾಗಿ ಅಲ್ಲ ಎಂದರೆ ನೀವು ನಂಬಬೇಕಾಗಿಲ್ಲ, ಕುರ್ಚಿಯೂ ಬೇಕಾಗಿತ್ತು. ಆದರೆ ಊರಿನ ನೀರು, ಸಾವು, ಹುಟ್ಟು ಎಲ್ಲ ಆ ಪೆಟ್ಟಿಗೆಯೊಳಗೆ ಹೋಗುವುದನ್ನು ಇನ್ನು ಯಾರೂ ತಡೆಯಲಾರರು. ಅದರ ಬೀಗ ತೆಗೆಯಲು ಬಲ್ಲವರು ಒಳಗೊಬ್ಬರು ಇರಬೇಕು. ಹೊನ್ನಪ್ಪ ಮಲಗಿದ್ದ. ಉಳಿದವಳು ನಾನು.

ಹಾಲೇಶಣ್ಣನಿಗೆ ಹೇಳಿದಾಗ ಅವನು ತನ್ನ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. “ಆ ನಲವತ್ತು ನಿಮಿಷ ಯಾವುದರಿಂದ ಹೋಯ್ತು ಅಂತ ಗೊತ್ತಿದ್ದೂ ಅದರ ಹಿಂದೇನೇ ಹೋಗ್ತೀಯಲ್ಲ ಲೀಲಾ.”

“ಅದಕ್ಕೇ ಹೋಗ್ತಿರೋದು ಅಣ್ಣ.”

“ಇಪ್ಪತ್ತೊಂದು ವರ್ಷ ನಿಂಗೆ ನಾನು ಕಲಿಸಿದ್ದು?”

“ಅದು ಕೈಲಿದೆ. ಇನ್ನೊಂದು ಕೈ ಖಾಲಿ ಇದೆ.”

ಅವನಿಗೆ ಮಾತು ಹಿಡಿಸಲಿಲ್ಲ. ಅಂದಿನಿಂದ ನನ್ನನ್ನು ಮೇಡಂ ಎನ್ನತೊಡಗಿದ. ಬೇಕಾದರೆ ಇದನ್ನೂ ವೃತ್ತಿಯಲ್ಲಿ ಬೆಳವಣಿಗೆ ಎಂದು ಲೆಕ್ಕ ಹಾಕಬಹುದು.

ಉಳಿದ ಹದಿನೇಳು ದಿನ ನಾನು ಕಲಿತಷ್ಟು ನನ್ನ ಬಿ.ಎ.ಯಲ್ಲೂ ಕಲಿತಿರಲಿಲ್ಲ. ಮೂವತ್ತೊಂದನೇ ಪಾಠವನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟಾದೆ. ಮೂವತ್ತನಾಲ್ಕನೆಯದರಲ್ಲಿ ‘ಆವೃತ್ತಿ’ ಎಂಬುದೊಂದಿತ್ತು: ಒಂದೇ ವಿಷಯದ ಬೇರೆ ಬೇರೆ ಬರಹಗಳನ್ನು ಒಟ್ಟಿಗೆ ಇಟ್ಟು, ಯಾವ ಪರದೆಗೆ ಯಾವುದು ಎಂದು ಹೇಳಬಹುದು. ಅದನ್ನು ಯಾವ ಗಿರಾಕಿಯೂ ಈವರೆಗೆ ಬಳಸಿಲ್ಲ ಎಂದ ಸಂಕೇತ್. ನಾನು ಆ ಪುಟವನ್ನು ಎರಡು ಸಲ ಓದಿದೆ. ಪರೀಕ್ಷೆಯಲ್ಲಿ ಮೊದಲು ಬಂದೆ. ಹನ್ನೊಂದೂ ಜನ ಪಾಸು. ಹೊನ್ನಪ್ಪನೂ ಪಾಸು, ಹೇಗೆಂದು ಅವನಿಗೂ ಗೊತ್ತಿಲ್ಲ.

ಸರ್ಟಿಫಿಕೇಟು ಕೊಡುವ ದಿನ ಅಧ್ಯಕ್ಷರು ಹನ್ನೊಂದು ಗಂಟೆಗೆ ಬರುವವರಿದ್ದರು. ಒಂಬತ್ತೂವರೆಗೆ ಸಂಕೇತ್ ನನ್ನ ಮೇಜಿನ ಬಳಿ ಬಂದು ನಿಂತ. ಕೈಯಲ್ಲಿ ಚಿನ್ನದ ಅಂಚಿನ ದಪ್ಪ ಹಾಳೆಗಳ ಕಟ್ಟು. ಹತ್ತು ಖಾಲಿ. ಅವನ ಕಂಪನಿ ಕಳಿಸಿದ್ದ ಸರ್ಟಿಫಿಕೇಟಿನ ಬರಹ ಒಂದೇ. ಹೆಸರು ಬದಲಿಸುತ್ತಾ ಹನ್ನೊಂದು ಮುದ್ರಿಸಿದ್ದ. ಎರಡನೆಯದು ಹೊರಬಂದಾಗ ಮೊದಲನೆಯದು ಬರಿದಾಯಿತು, ಮೂರನೆಯದು ಬಂದಾಗ ಎರಡನೆಯದು. ಅಕಾರಾದಿಯಲ್ಲಿ ಕೊನೆಯ ಹೆಸರು ಹೊನ್ನಪ್ಪನದು. ನಲವತ್ತು ದಿನ ‘ಅತ್ಯಂತ ಶ್ರದ್ಧೆಯಿಂದ’ ತರಬೇತಿ ಪಡೆದವನೆಂದು ಊರಿನಲ್ಲಿ ದಾಖಲೆಯಿದ್ದದ್ದು ಅವನೊಬ್ಬನಿಗೆ.

“ಮೇಡಂ, ಪ್ಲೀಸ್,” ಎಂದ ಸಂಕೇತ್. “ನೀವು... ಅದೇನೋ... ಬೇರೆ ಥರ ಬರೀತೀರಂತಲ್ಲ.”

ಬರೆದುಕೊಟ್ಟೆ. ಬೇರೆ ಬೇರೆಯಾಗಿ ಬರೆಯಬೇಕಾದ್ದರಿಂದ ನಿಜವನ್ನೇ ಬರೆಯುವುದು ಸುಲಭವಾಯಿತು. ಎರಡು ಸಲ ಅತ್ತು, ಮೂರನೇ ಸಲ ತಾನಾಗಿ ಲಾಗಿನ್ ಆದ ಆರೋಗ್ಯ ವಿಭಾಗದ ಕಲಾವತಿಗೆ ಅದನ್ನೇ ಗೌರವದಿಂದ ಬರೆದೆ. ಎಲ್ಲರಿಗೂ ಚಾಕೊಲೇಟು ಹಂಚುತ್ತಿದ್ದ ಮುನೀರನಿಗೆ ‘ಸಹಪಾಠಿಗಳು ಧೈರ್ಯಗೆಡದಂತೆ ನೋಡಿಕೊಂಡರು’ ಎಂದು ಬರೆದೆ. ಹೊನ್ನಪ್ಪನದನ್ನೂ ಕಸಿದುಕೊಂಡು ‘ತರಬೇತಿಯ ಯಾವ ಹಂತದಲ್ಲೂ ವಿಚಲಿತರಾಗಲಿಲ್ಲ’ ಎಂದು ಹೊಸದಾಗಿ ಬರೆದೆ. ಅವನು ಅದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾನೆ. ನನ್ನದನ್ನು ಕೊನೆಗೆ ಬರೆದೆ. ಅದರಲ್ಲಿರುವುದು ಇಷ್ಟೇ: ‘ಮೂವತ್ತೊಂದನೇ ಪಾಠ ಬರುತ್ತದೆ.’

ಹುದ್ದೆ ಸಿಕ್ಕಿತು. ಕುರ್ಚಿ ಸಿಕ್ಕಿತು. ಫ್ಯಾನು ತಿರುಗುವಾಗ ಕಿರುಗುಡುತ್ತದೆ, ಆದರೆ ಸ್ವಂತದ್ದು. ಅಧಿಕಾರ ವಹಿಸಿಕೊಂಡ ದಿನವೇ, ಇನ್ನು ಮುಂದೆ ಪ್ರತಿ ನೋಟೀಸಿಗೂ ಏಳು ಆವೃತ್ತಿ ಕಡ್ಡಾಯ ಎಂದು ಆದೇಶ ಹೊರಡಿಸಿದೆ. ತಿಪ್ಪೇಶಪ್ಪನವರಿಗೆ ‘ಆವೃತ್ತಿ’ ಎಂಬ ಪದ ತಾಂತ್ರಿಕವಾಗಿ ಕೇಳಿಸಿ ಬಹಳ ಸಂತೋಷವಾಯಿತು. ಹೀಗೆ ನನ್ನ ವೃತ್ತಿ ಬೆಳೆದದ್ದು: ಮೊದಲು ಪೆನ್ನು ಹಿಡಿದು ಏಳು ಸಲ ಬರೆಯುತ್ತಿದ್ದೆ, ಈಗ ಪಾಸ್‌ವರ್ಡ್ ಹಾಕಿ ಏಳು ಸಲ ಬರೆಯುತ್ತೇನೆ.

ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಆದರೆ ಹಾಲೇಶಣ್ಣನಿಗೆ ಸ್ಮಶಾನದ ಆದೇಶ ಬಂದಿತ್ತು. ತಿಪ್ಪೇಶಪ್ಪನವರ ಬಳಿ ಹೋಗಿ ಅವನನ್ನು ನನ್ನ ವಿಭಾಗಕ್ಕೆ ಕೊಡಿ ಎಂದೆ.

“ಸರ್ಟಿಫಿಕೇಟ್ ಇಲ್ದೋರನ್ನ ಹೆಂಗ್ರೀ ಕೊಡೋದು? ರೂಲ್ಸು ಅಂತ ಇದೆ.”

“ಇದ್ರೆ ಕೊಡ್ತೀರಾ ಸಾರ್?”

“ಇದ್ರೆ ನಂದೇನು ಅಭ್ಯಂತರ?”

ಸಂಕೇತ್ ಹೆಚ್ಚಿಗೆ ತಂದಿದ್ದ ಚಿನ್ನದ ಅಂಚಿನ ಹಾಳೆ ಒಂದು ಉಳಿದಿತ್ತು. ಸುಳ್ಳು ಬರೆದರೆ ಹಾಲೇಶಣ್ಣ ಅದನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದ. ಅವನ ಬಗ್ಗೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ನಾನು ಬರೆದದ್ದು: ‘ಶ್ರೀ ಹಾಲೇಶಪ್ಪ ಇವರು ಏಕತ್ರ ತರಬೇತಿಯ ನಲವತ್ತು ದಿನಗಳ ಅವಧಿಯಲ್ಲಿ ಒಂದು ದಿನವೂ ತಪ್ಪದೆ, ತಮ್ಮ ನಿಲುವಿಗೆ ಸಂಪೂರ್ಣವಾಗಿ ಬದ್ಧರಾಗಿ, ಗೈರುಹಾಜರಾಗಿದ್ದಾರೆಂದು ಸಂತೋಷದಿಂದ ದೃಢೀಕರಿಸಲಾಗಿದೆ.’ ಸಂಕೇತ್ ಓದಿ, ನನ್ನ ಮುಖ ನೋಡಿ, ಮೊಹರು ಒತ್ತಿದ. ತಿಪ್ಪೇಶಪ್ಪನವರು ಚಿನ್ನದ ಅಂಚು ನೋಡಿದರು, ಮೊಹರು ನೋಡಿದರು, ‘ಒಂದು ದಿನವೂ ತಪ್ಪದೆ’ ಎಂಬಲ್ಲಿ ಬೆರಳಿಟ್ಟು ತಲೆದೂಗಿದರು. “ನೋಡಿ, ಮೇಲ್ನೋಟಕ್ಕೆ ಹಟಮಾರಿ ಅನ್ಸಿದ್ರೂ ಒಳಗೊಳಗೇ ಎಷ್ಟು ಶಿಸ್ತು,” ಎಂದು ರುಜು ಹಾಕಿದರು.

ಮರುದಿನ ಹಾಲೇಶಣ್ಣ ಆ ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಕೂತುಕೊ ಎಂದೆ, ಕೂರಲಿಲ್ಲ. ನಿಂತೇ ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದ. ಅವನು ನಗುವುದಿಲ್ಲ, ಮೂಗಿನ ಹೊಳ್ಳೆ ಮಾತ್ರ ಅಗಲವಾಗುತ್ತದೆ, ಅದು ಆಯಿತು. ಆಮೇಲೆ ಇದ್ದಕ್ಕಿದ್ದಂತೆ ಮುಖ ಕಿವಿಚಿ, ನನ್ನ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ.

“‘ಸಂಪೂರ್ಣವಾಗಿ’ ಯಾಕೆ ಹಾಕ್ದೆ ಲೀಲಾ? ಬದ್ಧ ಅಂದ್ಮೇಲೆ ಬದ್ಧ,” ಎನ್ನುತ್ತಾ ಆ ಪದವನ್ನು ಹೊಡೆದುಹಾಕಿ, ಕುರ್ಚಿ ಎಳೆದುಕೊಂಡು ಕೂತ.